ಅರವತ್ತೆರಡನೇ ಪುಟದಲ್ಲಿ ಸತ್ತ ಕುದುರೆ

ನಾನು ಒಂದು ಐತಿಹಾಸಿಕ ಕಾದಂಬರಿ ಬರೆದಿದ್ದೇನೆ. ಈ ಸಂಗತಿ ಗೊತ್ತಿದ್ದವರು ಬಹಳ ಮಂದಿಯಲ್ಲ. ಅಚ್ಚು ಹಾಕಿಕೊಟ್ಟವರಿಗೆ ಗೊತ್ತಿತ್ತು, ನನ್ನ ಯಜಮಾನರಿಗೆ ಗೊತ್ತಿತ್ತು, ಅರಸೀಕೆರೆಯ ನಮ್ಮ ಮನೆಯ ಅಟ್ಟದ ಇಲಿಗಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ಸುಮಾರು ಒಂದು ವರ್ಷ ಸುಮ್ಮನೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಅಲ್ಲಾಡಿಸಿದಾಗ ಗಟಗಟ ಸದ್ದು ಬರುವ ಗಿಟುಕು ಕೊಬ್ಬರಿಯಾಗುತ್ತದೆ. ಆ ಕಾಯಿಗಳ ಪಕ್ಕದಲ್ಲೇ ನನ್ನ ಕಾದಂಬರಿಯ ಕಟ್ಟುಗಳೂ ಇದ್ದವು. ಪ್ರತಿ ಸಲ ಅಟ್ಟದಿಂದ ಕೊಬ್ಬರಿ ಇಳಿಸುವಾಗಲೂ ಯಜಮಾನರು ತಪ್ಪದೆ ಕೇಳುತ್ತಿದ್ದರು:

"ಕಾಯಾದ್ರೆ ವರ್ಷಕ್ಕೆ ಒಣಗಿ ಕೆಳಗಿಳೀತವೆ. ನಿನ್ನ ಪುಸ್ತಕ ಯಾವಾಗ್ಲೇ ಇಳಿಯೋದು?"

"ಅವು ಮೊದಲೇ ಒಣಗಿದಾವೆ ಬಿಡ್ರಿ," ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ನನ್ನ ನಗುವಿಗೆ ಹಲ್ಲು ಮಾತ್ರ ಇರುತ್ತಿತ್ತು.

ಕಾದಂಬರಿಯ ಕಥೆ ಇಷ್ಟು. ಹೊಯ್ಸಳರ ಕಾಲ. ಅರಸೀಕೆರೆಯ ಗಾಣದ ಮನೆಯ ಹುಡುಗಿಯೊಬ್ಬಳು ದೋರಸಮುದ್ರದ, ಅಂದರೆ ಈಗಿನ ಹಳೇಬೀಡಿನ, ದೇವಾಲಯಕ್ಕೆ ದೀಪದೆಣ್ಣೆ ಒಯ್ಯುತ್ತಾಳೆ. ಅಲ್ಲೊಬ್ಬ ಕುದುರೆ ಸವಾರನ ಪರಿಚಯವಾಗುತ್ತದೆ. ಯುದ್ಧ ಬರುತ್ತದೆ, ಅವನು ಹೋಗುತ್ತಾನೆ, ಅವಳು ಕಾಯುತ್ತಾಳೆ. ನಡುನಡುವೆ ಚಂದ್ರ ಬೇಕಾದ್ದಕ್ಕಿಂತ ಹೆಚ್ಚು ಸಲ ಮೂಡುತ್ತಾನೆ. ಬರೆಯುವಾಗ ಇದು ನನಗೆ ಎಷ್ಟು ಹೊಸದಾಗಿ ಕಂಡಿತ್ತೆಂದರೆ, ಯಾರಾದರೂ ಕದ್ದುಬಿಟ್ಟಾರೆಂದು ಹಸ್ತಪ್ರತಿಯನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿಟ್ಟಿದ್ದೆ.

ಸ್ವಂತ ಹೆಸರಿನಲ್ಲಿ ಪ್ರಕಟಿಸುವ ಧೈರ್ಯ ಬರಲಿಲ್ಲ. ಗಂಡೋ ಹೆಣ್ಣೋ ತಿಳಿಯದಂಥ ಕಾವ್ಯನಾಮವೊಂದನ್ನು ಹುಡುಕಿಕೊಂಡೆ. ಹಿಂಬದಿಯ ರಕ್ಷಾಪುಟದಲ್ಲಿ 'ಇತಿಹಾಸದ ಆಳವಾದ ಅಧ್ಯಯನದಿಂದ ಮೂಡಿಬಂದ ಕೃತಿ' ಎಂಬ ಮಾತಿದೆ. ಅದನ್ನು ಬರೆದವಳೂ ನಾನೇ. ಆಳವಾದ ಅಧ್ಯಯನವೆಂದರೆ ಇನ್ನೇನಲ್ಲ, ಹಳೇಬೀಡಿನಲ್ಲಿ ಶಾಲೆ ಬಿಟ್ಟ ಮೇಲೆ ಜಾವಗಲ್ ಕಡೆಯ ಬಸ್ಸು ಬರುವವರೆಗೆ ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ತಿಂದದ್ದು. ನಾನು ಅಲ್ಲಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುತ್ತೇನೆ.

ಒಂದು ವರ್ಷ, ಬೇಸಿಗೆ ರಜೆಗೆ ಸ್ವಲ್ಪ ಮುಂಚೆ, ಹಾಸನದಲ್ಲಿ ನಮಗೊಂದು ತರಬೇತಿ ನಡೆಯಿತು. ಬಂದಿದ್ದ ಸಂಪನ್ಮೂಲ ವ್ಯಕ್ತಿ ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟು ತೋರಿಸಿದರು. ಮಕ್ಕಳು ರಜೆಯಲ್ಲಿ ಒಂದು ಐತಿಹಾಸಿಕ ಕಾದಂಬರಿ ಓದಬೇಕು. ಆದರೆ ಸಾರಾಂಶ ಬರೆಯಕೂಡದು. ಕಥೆಯ ದಾರಿಯ ನಕ್ಷೆ ಬರೆಯಬಹುದು, ಪಾತ್ರದ ದಿನಚರಿ ಬರೆಯಬಹುದು, ಆ ಕಾಲದ ಅಡುಗೆಯ ಪುಸ್ತಕ ಮಾಡಬಹುದು, ಲೇಖಕರಿಗೆ ಕಾಗದ ಬರೆಯಬಹುದು. ಪಕ್ಕದಲ್ಲಿ ಕೂತಿದ್ದ ಬಿಕ್ಕೋಡಿನ ಮೇಡಂ ತೂಕಡಿಸುತ್ತಿದ್ದರು. ನನಗೆ ಮಾತ್ರ ನಿದ್ದೆ ಹಾರಿಹೋಯಿತು. 'ಲೇಖಕರಿಗೆ ಕಾಗದ' ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಅಟ್ಟದ ಮೇಲಿನ ಕಟ್ಟುಗಳು ಕಣ್ಣ ಮುಂದೆ ಬಂದವು. ಓದುಗರ ಕಾಗದಕ್ಕಾಗಿ ಆರು ವರ್ಷ ಕಾದವಳು ನಾನು. ಬಂದದ್ದು ಒಂದೇ ಒಂದು. ಅದೂ ಗ್ರಂಥಾಲಯಕ್ಕೆ ಕೊಟ್ಟ ಪ್ರತಿ ತಲುಪಿದ್ದಕ್ಕೆ ರಸೀದಿ.

ಮಾರನೆಯ ದಿನ ಮುಖ್ಯೋಪಾಧ್ಯಾಯರ ಮುಂದೆ ಯೋಜನೆ ಇಟ್ಟೆ. ಅವರು ಒಳ್ಳೆಯ ಮನುಷ್ಯ, ಯಾವುದಕ್ಕೂ ಇಲ್ಲ ಎನ್ನುವವರಲ್ಲ.

"ಪುಸ್ತಕ ಎಲ್ಲಿಂದ ತರ್ತೀರಿ ಮೇಡಂ?"

"ನಮ್ಮ ಈ ಕಡೆಯದೇ ಒಂದು ಕಾದಂಬರಿ ಇದೆ ಸರ್. ನನ್ನ ಹತ್ತಿರ ಒಂದಷ್ಟು ಪ್ರತಿ ಇದಾವೆ."

"ಒಳ್ಳೇ ಲೇಖಕರಾ?"

ಈ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. "ಪರವಾಗಿಲ್ಲ ಸರ್," ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. "ಚೆನ್ನಾಗೇ ಬರೀತಾರೆ," ಎಂದೂ ಸೇರಿಸಿದೆ.

ಯಜಮಾನರು ತಾವೇ ಏಣಿ ಹತ್ತಿ ಕಟ್ಟು ಇಳಿಸಿಕೊಟ್ಟರು. ಎರಡು ಚೀಲದ ತುಂಬ ಪುಸ್ತಕ ಹೊತ್ತುಕೊಂಡು ಬಸ್ಸು ಹತ್ತಿದಾಗ ಕಂಡಕ್ಟರ್ ಕೇಳಿದ, "ಏನ್ ಮೇಡಂ, ಕೊಬ್ರಿನಾ?"

"ಹೂಂ," ಎಂದೆ.

ಆರನೇ ತರಗತಿ ಮುಗಿಸಿ ಏಳಕ್ಕೆ ಹೋಗಲಿದ್ದ ಇಪ್ಪತ್ತೆರಡು ಮಕ್ಕಳಿಗೆ ಒಂದೊಂದು ಪ್ರತಿ ಕೊಟ್ಟೆ. ಅವರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಬ್ಬ ಮೂಸಿ ನೋಡಿ, "ಕೊಬ್ರಿ ವಾಸ್ನೆ ಬತ್ತೈತೆ ಮಿಸ್," ಎಂದ. ನಾನು ಕೇಳಿಸದವಳಂತೆ ಕರಿಹಲಗೆಯ ಮೇಲೆ ಯೋಜನೆಗಳನ್ನು ಬರೆಯತೊಡಗಿದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಎರಡು ಜಡೆ ಮಡಿಸಿ ಕಟ್ಟಿದ್ದ, ಮಾತಿಗೆ ಮುಂಚೆ ಹುಬ್ಬು ಗಂಟಿಕ್ಕುವ ಹುಡುಗಿ. ಅಪ್ಪ ಹಳೇಬೀಡಿನಲ್ಲೇ ಗುಮಾಸ್ತ. ಬೇಲೂರಿನಲ್ಲಿರುವ ಅಜ್ಜ ದೇವಸ್ಥಾನದ ಅರ್ಚಕರು.

"ಮಿಸ್, ಈ ಲೇಖಕರು ಬದುಕಿದಾರಾ?"

ಪಾಠಪುಸ್ತಕದ ಲೇಖಕರಿಗೆಲ್ಲ ಹೆಸರಿನ ಮುಂದೆ ಎರಡೆರಡು ಇಸವಿ ನೋಡಿದ ಮಕ್ಕಳು, ಕೇಳಿದ್ದು ತಪ್ಪಲ್ಲ.

"ಇದಾರಮ್ಮ."

"ಎಲ್ಲಿ?"

"ಅರಸೀಕೆರೆ ಕಡೆ."

"ನೀವು ನೋಡಿದೀರಾ?"

"ದಿನಾ... ಆಗಾಗ ನೋಡ್ತಿರ್ತೀನಿ."

"ಹೆಂಗಿದಾರೆ ಮಿಸ್?"

ನಿಜ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಆದರೆ ನಿಜ ಹೇಳಿದರೆ ಮಕ್ಕಳು ಹೆದರಿ ಹೊಗಳುತ್ತಾರೆ. ನನಗೆ ಬೇಕಾಗಿದ್ದದ್ದು ಹೆದರದೆ ಹೊಗಳುವವರು. "ತುಂಬಾ ಸರಳ ವ್ಯಕ್ತಿ," ಎಂದೆ. "ನೀವು ಕಾಗದ ಬರೆದರೆ ನಾನೇ ತಲುಪಿಸ್ತೀನಿ."

ಆ ಹುಡುಗಿ ಅಡುಗೆ ಪುಸ್ತಕದ ಯೋಜನೆಯನ್ನು ಆರಿಸಿಕೊಂಡಳು. ರಜೆಗೆ ಬೇಲೂರಿನ ಅಜ್ಜಿಯ ಮನೆಗೆ ಹೋಗುವವಳಿದ್ದಳು. ಅಜ್ಜಿ ನೈವೇದ್ಯದ ಅಡುಗೆಯಲ್ಲಿ ಪಳಗಿದ ಕೈ. ಬಸ್ ಡ್ರೈವರೊಬ್ಬರ ಮಗಳು ನಕ್ಷೆ ಎಂದಳು. ಹಗರೆಯಿಂದ ಬರುವ ಹುಡುಗ, ಕೊಬ್ಬರಿ ವಾಸನೆ ಹಿಡಿದವನೇ, "ದಿನಚರಿ ಯಾರ್ದು ಬೇಕಾದ್ರೂ ಬರೀಬೋದಾ ಮಿಸ್?" ಎಂದು ಕೇಳಿದ. ಯಾರದ್ದು ಬೇಕಾದರೂ ಬರಿ ಎಂದೆ.

ರಜೆ ಶುರುವಾಗಿ ಹತ್ತು ದಿನ ಯಾರ ಸುದ್ದಿಯೂ ಇರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ಅವರೆಕಾಳು ಆರಿಸುತ್ತಾ ಕೂತಿದ್ದಾಗ, ಮೊಬೈಲಿಗೆ ಅಡುಗೆ ಪುಸ್ತಕದ ಹುಡುಗಿಯ ಧ್ವನಿ ಬಂತು. ಬೇಲೂರಿನಿಂದ, ಅಜ್ಜನ ವಾಟ್ಸಾಪಿನಲ್ಲಿ ಕಳಿಸಿದ್ದಳು.

"ಮಿಸ್, ಮೂವತ್ತೊಂದನೇ ಪುಟದಲ್ಲಿ ಹುಡುಗಿಯ ತಾಯಿ ಒಣಮೆಣಸಿನಕಾಯಿ ಹುರಿದು ಚಟ್ನಿ ಅರೀತಾಳೆ. ಅಜ್ಜಿ ಹೇಳ್ತಾರೆ, ಆ ಕಾಲದಲ್ಲಿ ಮೆಣಸಿನಕಾಯೇ ಇರಲಿಲ್ವಂತೆ. ಲೇಖಕರನ್ನ ಕೇಳಿ ಹೇಳ್ತೀರಾ?"

ಹಿಂದೆಯೇ ಅಜ್ಜಿಯ ಧ್ವನಿಯೂ ಕೇಳಿಸಿತು. "ಹೌದು ಕಣಮ್ಮ, ದೇವರ ನೈವೇದ್ಯಕ್ಕೆ ಮೆಣಸಿನಕಾಯಿ ಹಾಕ್ತೀವಾ? ತಿಥಿ ಅಡುಗೆಗೆ ಹಾಕ್ತೀವಾ? ಕರಿಮೆಣಸೇ. ಯಾಕೆ ಅಂದ್ರೆ ಅದು ಹಳೇ ಅಡುಗೆ. ಮೆಣಸು ಮೊದಲಿತ್ತು, ಅದರ ಥರಾ ಖಾರ ಅಂತ ಆಮೇಲೆ ಬಂದದ್ದಕ್ಕೆ ಮೆಣಸಿನಕಾಯಿ ಅಂದ್ರು. ಹೆಸರಲ್ಲೇ ಇದೆಯಲ್ಲ!"

ಕನ್ನಡ ಎಂ.ಎ. ಮಾಡಿದ ನಾನು ಅವರೆಕಾಳಿನ ಮೊರ ಹಿಡಿದು ಹಾಗೇ ಕೂತೆ. ಹೆಸರಲ್ಲೇ ಇತ್ತು. ಆರು ವರ್ಷ ಆ ಪುಟವನ್ನು ನಾನು ಎಷ್ಟು ಸಲ ಓದಿ ಮೆಚ್ಚಿಕೊಂಡಿದ್ದೆನೋ! 'ಒಗ್ಗರಣೆಯ ಘಾಟಿಗೆ ಅವಳ ಕಣ್ಣಲ್ಲಿ ವಿರಹ ತುಳುಕಿತು' ಎಂಬ ವಾಕ್ಯ ಅಲ್ಲೇ ಇದೆ.

ಲೇಖಕರನ್ನು ಕಂಡು ಕೇಳಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು ಉತ್ತರಿಸಿದೆ. "ಅದು ಲೇಖಕರ ಸ್ವಾತಂತ್ರ್ಯ ಅಂತೆ ಪುಟ್ಟಿ."

"ಸ್ವಾತಂತ್ರ್ಯ ಅಂದ್ರೆ ತಪ್ಪು ಬರೀಬಹುದಾ ಮಿಸ್?"

ಎರಡು ದಿನ ಬಿಟ್ಟು ಮತ್ತೆ ಧ್ವನಿ ಬಂತು. ಈಗ ಬಿಕ್ಕೋಡಿನ ಹಾದಿಯಲ್ಲಿ ನಾಯಕಿ ಕಾಫಿ ಹೂವಿನ ಪರಿಮಳಕ್ಕೆ ಮೈಮರೆಯುವ ಪ್ರಸಂಗ. ಕಾಫಿ ಬಾಬಾಬುಡನ್ ಬೆಟ್ಟಕ್ಕೆ ಬಂದದ್ದು ಎಷ್ಟೋ ನೂರು ವರ್ಷ ಆದ ಮೇಲೆ ಎಂದು ಅವಳ ಸಮಾಜ ವಿಜ್ಞಾನದ ಪುಸ್ತಕದಲ್ಲೇ ಇತ್ತು. ಆಮೇಲೆ ನಾಯಕ ಹೊಲದಲ್ಲಿ ಕಿತ್ತು ತಿಂದ ಕಡಲೆಕಾಯಿ. ಅದೂ ಹೊರಗಿನಿಂದ ಬಂದದ್ದೇ. ದೇವಸ್ಥಾನದ ಹುಲ್ಲಿನ ಮೇಲೆ ನಾನು ತಿಂದದ್ದು ನೇರವಾಗಿ ಕಾದಂಬರಿಗೆ ಇಳಿದಿತ್ತು. ಹುಡುಗಿಯ ದನಿಯಲ್ಲಿ ಕುಹಕವಿರಲಿಲ್ಲ. ಅವಳು ನಿಜವಾಗಿಯೂ ಆ ಜನ ಏನು ತಿನ್ನುತ್ತಿದ್ದರು ಎಂದು ಹುಡುಕುತ್ತಿದ್ದಳು, ದಾರಿಯಲ್ಲಿ ನಾನು ಅಡ್ಡ ಸಿಗುತ್ತಿದ್ದೆ, ಅಷ್ಟೆ.

ಐದನೆಯ ಪ್ರಶ್ನೆ ಬಂದಾಗ ತಡೆಯಲಾಗಲಿಲ್ಲ. "ಪುಟ್ಟಿ, ಲೇಖಕರಿಗೆ ಹುಷಾರಿಲ್ಲ. ಸದ್ಯಕ್ಕೆ ತೊಂದರೆ ಕೊಡೋದು ಬೇಡ," ಎಂದು ಕಳಿಸಿದೆ.

ಎರಡು ದಿನ ನೆಮ್ಮದಿ. ಮೂರನೆಯ ದಿನ ಹುಡುಗಿಯ ಧ್ವನಿ, ಈ ಸಲ ಬಹಳ ಮೆಲ್ಲಗೆ. "ಮಿಸ್, ಲೇಖಕರ ನಕ್ಷತ್ರ ಯಾವುದು? ತಾತ ಅವರ ಹೆಸರಲ್ಲಿ ಅರ್ಚನೆ ಮಾಡ್ತಾರಂತೆ. ಅಜ್ಜಿ ಹೇಳಿದ್ರು, ಪಾಪ, ಅಷ್ಟು ಬರೆದವರಿಗೆ ತಲೆನೋವು ಬಂದಿರಬೇಕು ಅಂತ."

ಫೋನ್ ಹಿಡಿದು ಹಿತ್ತಲಿಗೆ ಹೋದೆ. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಗೊತ್ತಿಲ್ಲ ಎಂದರೆ 'ಕೇಳಿ ಹೇಳಿ' ಎನ್ನುತ್ತಾಳೆ. ಕೊನೆಗೆ ನನ್ನ ನಕ್ಷತ್ರವನ್ನೇ ಹೇಳಿದೆ.

ವಾರದೊಳಗೆ ಅವಳ ಅಪ್ಪ ಯಾವುದೋ ಕೆಲಸಕ್ಕೆ ರೈಲು ಹತ್ತಲು ಅರಸೀಕೆರೆಗೆ ಬಂದವರು ಸ್ಟೇಷನ್ನಿನಿಂದ ಫೋನ್ ಮಾಡಿದರು. ಹೋದೆ. ಕುಂಕುಮ, ತುಳಸಿ, ಒಂದು ಬಾಳೆಹಣ್ಣು ಇದ್ದ ಪೊಟ್ಟಣ ಕೈಗಿಟ್ಟು, "ಲೇಖಕರಿಗೆ ತಲುಪಿಸಬೇಕಂತೆ ಮೇಡಂ. ಮಗಳು ಮೂರು ಸಲ ಹೇಳಿ ಕಳಿಸಿದಾಳೆ," ಎಂದರು. ಮನೆಗೆ ತಂದು ದೇವರ ಮುಂದಿಟ್ಟೆ. ಊಟಕ್ಕೆ ಕೂತಾಗ ಯಜಮಾನರು ಬಾಳೆಹಣ್ಣು ಸುಲಿಯುತ್ತಾ, "ಲೇಖಕರು ಈಗ ಹೆಂಗವ್ರೆ?" ಎಂದರು. ನಾನು ಮಜ್ಜಿಗೆ ಬಡಿಸುವ ನೆಪದಲ್ಲಿ ಎದ್ದುಹೋದೆ.

ಶಾಲೆ ಶುರುವಾಯಿತು. ಮೂರನೆಯ ಶನಿವಾರ ಪ್ರದರ್ಶನ. ಬೆಂಚುಗಳನ್ನು ಗೋಡೆಗೆ ಸರಿಸಿ, ಮೇಲೆ ಹಳೆಯ ಸೀರೆ ಹಾಸಿ, ಮಕ್ಕಳು ತಂತಮ್ಮ ಕೆಲಸ ಜೋಡಿಸಿದ್ದರು. ಪೋಷಕರು ಬಂದಿದ್ದರು. ಅಡುಗೆ ಹುಡುಗಿಯ ಅಜ್ಜಿ ಬೇಲೂರಿನಿಂದ ಸ್ಟೀಲಿನ ಡಬ್ಬಿ ಹಿಡಿದು ಬಂದಿದ್ದರು. ಒಳಗೆ ತುಪ್ಪದಲ್ಲಿ ಮಿಂದ ಮೆಣಸಿನ ಪೊಂಗಲ್. ಹುಡುಗಿಯ ಪುಸ್ತಕದ ಮೇಲೆ ಬಣ್ಣದ ಅಕ್ಷರದಲ್ಲಿ 'ದೋರಸಮುದ್ರದ ಅಡುಗೆ: ಮೆಣಸಿನಕಾಯಿ ಇಲ್ಲದೆ' ಎಂದಿತ್ತು. ಮುಖ್ಯೋಪಾಧ್ಯಾಯರು ಎರಡು ಸಲ ಹಾಕಿಸಿಕೊಂಡು ತಿಂದು, "ಎಂಥ ಸಂಶೋಧನೆ ಮೇಡಂ!" ಎಂದರು.

ಡ್ರೈವರರ ಮಗಳು ನಕ್ಷೆಯ ಮುಂದೆ ಕೋಲು ಹಿಡಿದು ನಿಂತಿದ್ದಳು. "ಸವಾರ ಬೆಳಿಗ್ಗೆ ಹಗರೆಯಿಂದ ಬೇಲೂರಿಗೆ ಹೊರಡ್ತಾನೆ. 'ಎಳೆಬಿಸಿಲು ಅವನ ಕಣ್ಣು ಕುಕ್ಕುತ್ತಿತ್ತು' ಅಂತ ಬರ್ದವ್ರೆ. ನಾನು ಅಪ್ಪನ ಬಸ್ಸಲ್ಲಿ ಮೂರು ಸಲ ಹೋಗಿ ನೋಡ್ದೆ. ಬೆಳಿಗ್ಗೆ ಆ ಕಡೆ ಹೋದ್ರೆ ಬಿಸಿಲು ಬೆನ್ನಿಗೆ ಹೊಡೀತೈತೆ. ಅವನು ಹಿಂದ್ಮುಂದಾಗಿ ಕೂತಿದ್ರೆ ಮಾತ್ರ ಕಣ್ಣಿಗೆ ಬೀಳೋದು."

ನಾನು ಆ ದಾರಿಯಲ್ಲಿ ಬೇಲೂರಿಗೆ ಹೋದದ್ದೆಲ್ಲ ಸಂಜೆಯ ಬಸ್ಸಿಗೆ. ಪೋಷಕರೆಲ್ಲ ನಕ್ಕರು. ನಾನೂ ಚಪ್ಪಾಳೆ ತಟ್ಟಿದೆ.

ಆಮೇಲೆ ಹಗರೆಯ ಹುಡುಗ ಎದ್ದು ನಿಂತು ದಿನಚರಿ ಓದಿದ. ಅವನು ಆರಿಸಿಕೊಂಡಿದ್ದದ್ದು ನಾಯಕನ ಕುದುರೆಯನ್ನು.

"ಇವತ್ತು ಹುಲ್ಲು ಚೆನ್ನಾಗಿತ್ತು. ಯಜಮಾನರು ಚಂದ್ರನ ನೋಡ್ತಾ ಕೂತಿದ್ರು, ನೀರು ಕುಡಿಸೋದು ಮರೆತರು. ಅರವತ್ತೆರಡನೇ ಪುಟದಲ್ಲಿ ನನಗೆ ಈಟಿ ಚುಚ್ಚಿತು. ನಾನು ಸತ್ತೆ. ಯಜಮಾನರು ಬಹಳ ಅತ್ತರು. ಎಂಬತ್ತೊಂಬತ್ತನೇ ಪುಟದಲ್ಲಿ ಅವರು ನನ್ನ ಮೇಲೆ ಹತ್ತಿ ಮತ್ತೆ ಯುದ್ಧಕ್ಕೆ ಹೊರಟರು. ನಾನು ಹೆಂಗೆ ಬದುಕಿದೆ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸತ್ತ ಮೇಲೂ ಬಿಡ್ಲಿಲ್ವಲ್ಲ ಅಂತ ಬೇಜಾರಾಯ್ತು."

ಕೋಣೆಯೆಲ್ಲ ನಕ್ಕು ನಕ್ಕು ಅಲ್ಲಾಡಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ನಗು ತಡೆಯಲಾಗಲಿಲ್ಲ. ಅದು ನನ್ನ ಕುದುರೆ ಎಂಬುದನ್ನು ಒಂದು ಗಳಿಗೆ ನಿಜವಾಗಿಯೂ ಮರೆತಿದ್ದೆ. ನೆನಪಾದ ಕೂಡಲೇ ಕಿವಿ ಬಿಸಿಯಾಯಿತು. ಬರೆದಿದ್ದೆ, ಎರಡು ಸಲ ಕರಡು ತಿದ್ದಿದ್ದೆ, ಕುದುರೆ ಸತ್ತದ್ದು ನನಗೇ ಗೊತ್ತಿರಲಿಲ್ಲ.

ಕೊನೆಗೆ ಕಾಗದಗಳು. ಅಡುಗೆ ಹುಡುಗಿ ಎಲ್ಲರ ಕಾಗದವನ್ನು ಒಂದು ರಿಬ್ಬನ್ನಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಮೇಲಿನದನ್ನು ಬಿಡಿಸಿದೆ. 'ಮಾನ್ಯ ಲೇಖಕರೇ, ನಿಮ್ಮ ಕಾದಂಬರಿ ತುಂಬಾ ಚೆನ್ನಾಗಿದೆ. ಬೇಗ ಗುಣವಾಗಿರಿ.' ಎರಡನೆಯದು: 'ನಿಮ್ಮ ಕಾದಂಬರಿ ಬಹಳ ಚೆನ್ನಾಗಿದೆ. ಬಿಸಿನೀರು ಕುಡಿಯಿರಿ.' ಮೂರನೆಯದೂ, ಅದರ ಕೆಳಗಿನ ಉಳಿದವೂ ಹಾಗೇ. ಆರು ವರ್ಷ ಕಾದ ಕಾಗದಗಳು. ಇಪ್ಪತ್ತೆರಡೂ ಹೊಗಳಿಕೆ.

"ಕುದುರೆ ವಿಷಯ ಯಾರೂ ಬರೆದಿಲ್ವಲ್ಲ?" ಎಂದೆ.

ಹುಡುಗಿ ಹಗರೆಯ ಹುಡುಗನ ಕಡೆ ನೋಡಿದಳು. ಅವನು ನೆಲ ನೋಡಿದ. ಅವಳ ಚೀಲದಿಂದ ಇನ್ನೊಂದು ಕಟ್ಟು ಇಣುಕುತ್ತಿತ್ತು.

"ಅದೇನು?"

"ಅದು ಮೊದಲು ಬರೆದಿದ್ದು ಮಿಸ್. ಅದರಲ್ಲಿ ತಪ್ಪೆಲ್ಲ ಇದೆ." ಅವಳು ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಅವರಿಗೆ ಹುಷಾರಿಲ್ವಲ್ಲ, ಓದಿದ್ರೆ ನೊಂದ್ಕೋತಾರೆ ಅಂತ ಎಲ್ಲರೂ ಸೇರಿ ಬೇರೆ ಬರೆದ್ವಿ. ನೀವೂ ಹೇಳಬೇಡಿ ಮಿಸ್. ಪ್ರಾಮಿಸ್ ಮಾಡಿ."

ಅಂಗೈ ಚಾಚಿ ನಿಂತಳು. ಆ ಅಂಗೈ ಮೇಲೆ ಕೈಯಿಟ್ಟು ಸುಮ್ಮನಾಗಿಬಿಡಬಹುದಿತ್ತು. ಇಡಲು ಕೈ ಎತ್ತಿಯೂ ಎತ್ತಿದೆ. ಆದರೆ ಹನ್ನೆರಡು ವರ್ಷದ ಮಕ್ಕಳು ಇಲ್ಲದ ಕಾಯಿಲೆಯೊಂದಕ್ಕೆ ಮರುಗಿ, ರಜೆಯೆಲ್ಲ ಪಟ್ಟ ಶ್ರಮವನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡಿದ್ದರು. ಎತ್ತಿದ ಕೈಯನ್ನು ಇಳಿಸಿದೆ.

"ಅವರಿಗೆ ಹುಷಾರಿದೆ," ಎಂದೆ. "ಹುಷಾರಾಗೇ ಇದ್ರು. ಈ ಕಾದಂಬರಿ ಬರೆದಿದ್ದು ನಾನು."

ಮೊದಲು ಬಾಯಿಬಿಟ್ಟವರು ಮುಖ್ಯೋಪಾಧ್ಯಾಯರು. "ಮೇಡಂ, 'ಚೆನ್ನಾಗೇ ಬರೀತಾರೆ' ಅಂದಿದ್ರಲ್ಲ!"

"ಅಂದಿದ್ದೆ ಸರ್."

ಹಗರೆಯ ಹುಡುಗನ ಮುಖ ಬಿಳಿಚಿಕೊಂಡಿತು. "ಮಿಸ್, ಕುದುರೆದು ತಮಾಷೆಗೆ ಬರ್ದಿದ್ದು," ಎಂದ. "ನಿನ್ನ ಕುದುರೆ ನನ್ನದಕ್ಕಿಂತ ಚೆನ್ನಾಗಿದೆ ಕಣೋ," ಎಂದೆ. ಅವನು ಉಸಿರುಬಿಟ್ಟ. ಒಂದಿಬ್ಬರು ನಕ್ಕರು. ಅಡುಗೆ ಹುಡುಗಿ ಮಾತ್ರ ನಗಲಿಲ್ಲ. ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ಹಂಗಾದ್ರೆ ತಾತ ಅರ್ಚನೆ ಮಾಡಿದ್ದು?" ಎಂದಳು. ನಾನು ಏನಾದರೂ ಹೇಳುವ ಮೊದಲೇ ಅಜ್ಜಿಯ ಪಕ್ಕಕ್ಕೆ ಹೋಗಿ ಡಬ್ಬಿಯ ಮುಚ್ಚಳ ಹಾಕಿದಳು.

ಮುಂದಿನ ವಾರವಿಡೀ ಅವಳು ನನ್ನ ಜೊತೆ ಮಾತಾಡಲಿಲ್ಲ. ಹಾಜರಿ ಕೂಗಿದರೆ "ಪ್ರೆಸೆಂಟ್ ಮಿಸ್" ಎನ್ನುತ್ತಿದ್ದವಳು ಬರೀ "ಪ್ರೆಸೆಂಟ್" ಎನ್ನತೊಡಗಿದಳು. ಉಳಿದ ಮಕ್ಕಳಿಗೆ ನಾನು ತಮಾಷೆಯಾಗಿದ್ದೆ, ಅವಳಿಗೆ ಮೋಸಗಾತಿಯಾಗಿದ್ದೆ. ಅವಳ ಎಣಿಕೆಯೇ ಸರಿ ಎಂದು ನನಗೂ ಅನ್ನಿಸುತ್ತಿತ್ತು. ಮನೆಯಲ್ಲಿ ಹೇಳಿಕೊಂಡಾಗ ಯಜಮಾನರು ಈ ಸಲ ತಮಾಷೆ ಮಾಡಲಿಲ್ಲ. "ಹೋಗಿ ತಪ್ಪಾಯ್ತು ಅಂದು ಬಾ. ದೊಡ್ಡೋರ ಮನೆ, ದೇವರ ಹೆಸರು ಬೇರೆ ಸೇರೈತೆ," ಎಂದರು.

ಭಾನುವಾರ ಬೇಲೂರಿಗೆ ಹೋದೆ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಮನೆ. ಅಜ್ಜಿ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ರಜೆಯೆಂದು ಬಂದಿದ್ದ ಹುಡುಗಿಯೂ ಅಲ್ಲೇ ಇದ್ದಳು. ನನ್ನನ್ನು ನೋಡಿ ಒಳಗೆ ಹೋಗಲು ಎದ್ದವಳನ್ನು ಅಜ್ಜಿ ಕಣ್ಣಲ್ಲೇ ಕೂರಿಸಿದರು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಅಮ್ಮಾ, ಸುಳ್ಳು ಹೇಳಿ ನಿಮ್ಮಿಂದ ಅರ್ಚನೆ ಮಾಡಿಸಿದೆ. ತಪ್ಪಾಯ್ತು," ಎಂದೆ.

ಅಜ್ಜಿ ಎಳೆ ಬಿಗಿದು ಗಂಟು ಹಾಕಿದರು. "ನಕ್ಷತ್ರ ಯಾರದ್ದು ಕೊಟ್ರಿ?"

"ನನ್ನದೇ."

"ಮತ್ತೆ? ಹೋಗಬೇಕಾದವರಿಗೇ ಹೋಗಿದೆ. ಆಗ ನಿಮ್ಮ ಮನಸ್ಸಿಗೆ ಸುಖ ಇತ್ತಾ?"

"ಇರಲಿಲ್ಲಮ್ಮ."

"ಅಷ್ಟೇ ಕಣ್ರೀ. ದೇವರ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರೋದು ಇವಳ ಹತ್ರ. ಅದನ್ನ ನೀವಿಬ್ರೂ ನೋಡ್ಕೊಳ್ಳಿ." ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಜಗಲಿಯ ಮೇಲೆ ನಾವಿಬ್ಬರೇ ಉಳಿದೆವು. ಇಷ್ಟು ವರ್ಷ ಮಕ್ಕಳಿಂದ "ಸಾರಿ ಮಿಸ್" ಹೇಳಿಸಿಕೊಂಡಿದ್ದೇನೆ, ಹೇಳುವುದು ಎಷ್ಟು ಕಷ್ಟ ಎಂದು ಆವತ್ತೇ ಗೊತ್ತಾದದ್ದು. "ಸಾರಿ ಪುಟ್ಟಿ," ಎಂದೆ. "ನೀನು ಹೊಗಳ್ತೀಯಾ ಅಂತ ಆಸೆ ಇತ್ತು. ಆಮೇಲೆ ಒಂದು ಸುಳ್ಳು ಮುಚ್ಚೋಕೆ ಇನ್ನೊಂದು."

ಅವಳು ಕೈಲಿದ್ದ ಬಾಳೆನಾರನ್ನು ಎಳೆಎಳೆಯಾಗಿ ಸೀಳಿದಳು. ಆಮೇಲೆ, "ಮೊದಲನೇ ಕಟ್ಟು ಓದ್ತೀರಾ?" ಎಂದಳು.

"ಓದ್ತೀನಿ."

"ಎಲ್ಲಾ?"

"ಎಲ್ಲಾ."

ಒಳಗೆ ಹೋಗಿ ತಂದುಕೊಟ್ಟಳು. ಅರಸೀಕೆರೆಯ ಬಸ್ಸಿನಲ್ಲಿ ಓದುತ್ತಾ ಬಂದೆ. ಜಾವಗಲ್ ಬರುವ ಹೊತ್ತಿಗೆ ನನ್ನ ನಾಯಕಿಯ ತಂಗಿ ಎರಡು ಅಧ್ಯಾಯದ ನಡುವೆ ಎಲ್ಲಿ ಕಾಣೆಯಾದಳೆಂದು ಒಬ್ಬ ಕೇಳಿದ್ದ. ಬಾಣಾವರದ ಹೊತ್ತಿಗೆ, ಯುದ್ಧಕ್ಕೆ ಹೋದವನಿಗಾಗಿ ಕಾಯುತ್ತಾ ಕೂರುವ ಬದಲು ಗಾಣ ತಿರುಗಿಸಿಕೊಂಡು ಇರಬಹುದಿತ್ತಲ್ಲ ಎಂದು ಡ್ರೈವರರ ಮಗಳು ಬರೆದಿದ್ದಳು. ಎಲ್ಲರೂ ಪುಸ್ತಕವನ್ನು ಕೊನೆಯವರೆಗೆ ಓದಿದ್ದರು. ನನ್ನ ಕಾದಂಬರಿಯನ್ನು ಅಷ್ಟು ಶ್ರದ್ಧೆಯಿಂದ ಬೇರೆ ಯಾರೂ ಓದಿಲ್ಲ, ನಾನೂ ಸೇರಿದಂತೆ.

ಸೋಮವಾರದಿಂದ ಪ್ರತಿ ವಾರ ಒಂದು ಪೀರಿಯಡ್ಡು ತಿದ್ದುಪಡಿಗೆ ಮೀಸಲಿಟ್ಟೆವು. ಪುಸ್ತಕದೊಳಗೆ ಅಂಟಿಸಲು 'ತಪ್ಪು ಒಪ್ಪೋಲೆ' ಎಂದು ಒಂದು ಹಾಳೆ ತಯಾರಾಯಿತು. ಕಾಫಿ ಹೂವಿನ ಜಾಗದಲ್ಲಿ ಸಂಪಿಗೆ ಬಂತು, ಚಟ್ನಿಗೆ ಮೆಣಸು ಬಿತ್ತು, ಸವಾರನ ಬೆನ್ನಿಗೆ ಬಿಸಿಲು ಹೊಡೆಯಿತು. ಎಂಬತ್ತೊಂಬತ್ತನೇ ಪುಟಕ್ಕೆ ಹಗರೆಯ ಹುಡುಗ ಹೊಸ ಕುದುರೆ ಕೊಡಿಸಿದ. ಹಾಳೆ ಒಂದಾಗಿದ್ದದ್ದು ನಾಲ್ಕಾಯಿತು. ಮುಖ್ಯೋಪಾಧ್ಯಾಯರು ಅದನ್ನು ನೋಡಿ, "ಮೇಡಂ, ಇದನ್ನೇ ಬೇರೆ ಪುಸ್ತಕ ಮಾಡಬಹುದು," ಎಂದು ಗಂಭೀರವಾಗಿ ಹೇಳಿದರು.

ಕೊನೆಯ ಪೀರಿಯಡ್ಡಿನಲ್ಲಿ ಅಡುಗೆ ಹುಡುಗಿ ಪುಸ್ತಕ ಮುಚ್ಚಿ ನನ್ನ ಮೇಜಿನ ಬಳಿ ಬಂದಳು.

"ಮಿಸ್, ನೂರ ನಲವತ್ತನೇ ಪುಟಕ್ಕೆ ನಾವು ಏನೂ ಬರೆದಿಲ್ಲ."

ಅದು ನಾಯಕಿ ಮನೆಬಿಟ್ಟು ಹೊರಡುವ ಮುನ್ನ ತಾಯಿ ಅವಳ ತಲೆ ಬಾಚುವ ಪುಟ. ತಾಯಿ ಏನೂ ಮಾತಾಡುವುದಿಲ್ಲ, ಸಿಕ್ಕು ಬಿಡಿಸುತ್ತಲೇ ಇರುತ್ತಾಳೆ. ಅದನ್ನು ಬರೆಯುವಾಗ ಹೊಯ್ಸಳರು ನನ್ನ ನೆನಪಿನಲ್ಲೇ ಇರಲಿಲ್ಲ. ನನ್ನ ಮದುವೆಯ ದಿನ ಬೆಳಿಗ್ಗೆ ನಮ್ಮಮ್ಮ ಹಾಗೆಯೇ ಸಿಕ್ಕಿಲ್ಲದ ಕಡೆಯೂ ಬಾಚಣಿಗೆ ಆಡಿಸುತ್ತಾ ನಿಂತಿದ್ದರು.

"ಯಾಕೆ ಏನೂ ಬರೆದಿಲ್ಲ?"

"ಅದು ಚೆನ್ನಾಗಿದೆ," ಎಂದಳು. ಹುಬ್ಬು ಗಂಟಿಕ್ಕಿಯೇ ಇತ್ತು. "ಸುಮ್ನೆ ಹೇಳ್ತಿಲ್ಲ ಮಿಸ್. ನೀವು ಹುಷಾರಾಗೇ ಇದೀರಲ್ಲ."

ಆವತ್ತು ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಪುಸ್ತಕ ತೆಗೆದು ಆ ಪುಟವನ್ನು ಓದಿದೆ. ಚೆನ್ನಾಗಿಯೇ ಇತ್ತು. ಖುಷಿ ತಡೆಯಲಾರದೆ ಇನ್ನೊಮ್ಮೆ ಓದಿದೆ. ಎರಡನೆಯ ಸಲ, ಕೆಳಗಿನಿಂದ ಮೂರನೆಯ ಸಾಲಿನಲ್ಲಿ, ಒಂದು ಕಾಗುಣಿತದ ತಪ್ಪು ಕಣ್ಣಿಗೆ ಬಿತ್ತು. ಆ ಮಕ್ಕಳಿಗೆ ಅದನ್ನು ಇನ್ನೂ ಹೇಳಿಲ್ಲ.